ಎಡಗಾಲು ಹೆಚ್ಚಾಗಿದೆ

ಆರೋಗ್ಯ ವಿಮೆ ಕಚೇರಿಯಿಂದ ಬಂದ ತಿರಸ್ಕಾರದ ಪತ್ರದಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: 'ಎಡಗಾಲು ಇದೆ, ಊತ ಹೆಚ್ಚಾಗಿದೆ ಎಂದು ಫಲಾನುಭವಿಯೇ ದೂರವಾಣಿಯಲ್ಲಿ ತಿಳಿಸಿದ್ದಾರೆ.'

ಜಯನಗರದ ಕೃತಕ ಅಂಗ ಕೇಂದ್ರದಲ್ಲಿ ವಿಮೆಯ ಕಡತಗಳನ್ನು ನೋಡಿಕೊಳ್ಳುವ ಶೃತಿ ಆ ಸಾಲನ್ನು ಎರಡು ಸಲ ಓದಿದಳು. ಫಲಾನುಭವಿ ವಸಂತಪುರದ ಅಂಜನಮ್ಮ, ಐವತ್ತೆಂಟು ವರ್ಷ. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯದೆ, ನಾಲ್ಕು ತಿಂಗಳ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದ್ದರು. ವಿಮೆಯ ಮೊದಲ ಹಂತದ ಒಪ್ಪಿಗೆ ಬಂದಿದ್ದರಿಂದ ತಂತ್ರಜ್ಞ ದುಂಡಪ್ಪ ಅಳತೆ ತೆಗೆದು ಕಾಲನ್ನೂ ಮಾಡಿಟ್ಟಿದ್ದ. ಮಕ್ಕಳ ಕಾಲಿಗೆ ಕಟ್ಟುವ ಕ್ಯಾಲಿಪರ್‌ಗಳು, ಬೆನ್ನಿನ ಬೆಲ್ಟುಗಳ ನಡುವೆ ಅದು ಅವಳ ಹೆಸರಿನ ಚೀಟಿ ಹೊತ್ತು ಕಪಾಟಿನಲ್ಲಿ ನಿಂತಿತ್ತು. ಉಳಿದದ್ದು ಫೋನಿನಲ್ಲಿ ಒಂದು ಪರಿಶೀಲನೆ ಮಾತ್ರ. ಎಡವಟ್ಟಾದದ್ದು ಅಲ್ಲಿಯೇ.

ಶೃತಿ ಕರೆಯ ಧ್ವನಿಮುದ್ರಣವನ್ನು ತರಿಸಿಕೊಂಡು ಕೇಳಿದಳು. ಎಡಗಾಲು ಹೇಗಿದೆ ಎಂದು ಕರೆ ಮಾಡಿದವನು ಕೇಳಿದ್ದಾನೆ. ಅಂಜನಮ್ಮ ಸ್ಪಷ್ಟವಾಗಿ ಹೇಳಿದ್ದಾಳೆ: "ಹೆಚ್ಚಾಗೈತೆ ಸ್ವಾಮಿ."

ಮರುದಿನ ದಂಪತಿ ಕೇಂದ್ರಕ್ಕೆ ಬಂದರು. ಗಂಡ ಚಿಕ್ಕಬೈರಪ್ಪ ಗಾಲಿಕುರ್ಚಿಯನ್ನು ತಳ್ಳುತ್ತಲೇ ವಿವರಣೆ ಶುರುಮಾಡಿದ. ಅವರದು ವಸಂತಪುರದಲ್ಲಿ ದಿನಸಿ ಅಂಗಡಿ. ಅಂಗಡಿಯಲ್ಲಿ ಕೂತವರು 'ಇಲ್ಲ' ಅನ್ನಬಾರದೆಂದು ಅವನ ತಾಯಿ ಸೊಸೆಗೆ ಮದುವೆಯಾದ ವಾರವೇ ಕಲಿಸಿದ್ದಳು. ಬಳೆ ಒಡೆದರೆ ಹೆಚ್ಚಿತು ಅನ್ನುವ ಹಾಗೆ, ಅಕ್ಕಿ ಮುಗಿದರೆ ಹೆಚ್ಚಾಯಿತು ಅನ್ನಬೇಕು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಸೊಸೆ ಆ ಮಾತು ಮೀರಿರಲಿಲ್ಲ.

"ಬಿಟಿಎಂ ಲೇಔಟ್ ಕಡೆಯಿಂದ ಬಾಡಿಗೆಗೆ ಬಂದ ಹುಡುಗ್ರು ಬೇಳೆ ಕೇಳಿದ್ರೆ, ಹೆಚ್ಚಾಗೈತೆ ನಾಳೆ ಬಾಪ್ಪ ಅಂತಾಳೆ. ಹೆಚ್ಚಾಗಿದ್ರೆ ಎರಡು ಕೆಜಿ ಕೊಡಿ ಆಂಟಿ ಅಂತ ಅಲ್ಲೇ ನಿಂತಿರ್ತಾರೆ," ಎಂದ ಚಿಕ್ಕಬೈರಪ್ಪ.

ದುಂಡಪ್ಪ ನಕ್ಕುಬಿಟ್ಟ. ಅಂಜನಮ್ಮನೂ ಸೆರಗಿನ ಮರೆಯಲ್ಲಿ ನಕ್ಕಳು. ಶೃತಿಗೆ ನಗು ಬರಲಿಲ್ಲ. ಆಸ್ಪತ್ರೆ, ಚೀಟಿ, ಡ್ರೆಸಿಂಗು, ಸರತಿ ಸಾಲು, ಇಷ್ಟನ್ನೆಲ್ಲ ಈ ಹೆಂಗಸು ಆ ಪದವಿಲ್ಲದೆ ದಾಟಿ ಬಂದಿದ್ದಾಳೆಯೇ ಎಂದು ಲೆಕ್ಕ ಹಾಕುತ್ತಿದ್ದಳು. ತಾನು ಬೆಳಿಗ್ಗೆಯಿಂದ ಅದನ್ನು ಎಷ್ಟು ಸಲ ಅಂದಿರಬಹುದು ಎಂದೂ ನೆನೆದಳು.

ಮರುಪರಿಶೀಲನೆ ಅಂದೇ ಹನ್ನೊಂದೂವರೆಗೆ, ವಿಡಿಯೊ ಕರೆಯಲ್ಲಿ. ಅದರಲ್ಲಿ ಸೋತರೆ ಅರ್ಜಿಯನ್ನು ಮೊದಲಿನಿಂದ ಹಾಕಬೇಕು, ಮೂರು ತಿಂಗಳಾದರೂ ಹಿಡಿಯುತ್ತದೆ. ಕತ್ತರಿಸಿದ ಕಾಲಿನ ತುದಿ ದಿನ ಕಳೆದಂತೆ ಸಣ್ಣಗಾಗುತ್ತದೆ. ಇಂದಿನ ಅಳತೆಗೆ ಮಾಡಿದ ಕಾಲಿನ ತೊಡುಗೆ ಆಗ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುರ್ಚಿಯಲ್ಲಿ ಮಡಿಸಿಯೇ ಇಟ್ಟ ಮಂಡಿ ಆಗಲೇ ಬಿಗಿಯಾಗುತ್ತಿತ್ತು. ಅದು ಪೂರ್ತಿ ಬಿಗಿದರೆ ಯಾವ ಕಾಲು ಕಟ್ಟಿದರೂ ನಡಿಗೆ ಕಷ್ಟ. ದುಂಡಪ್ಪ ಇದನ್ನೆಲ್ಲ ಬಿಡಿಸಿ ಹೇಳಿದ. ಫೋಟೊಗಳು ಕಡತದಲ್ಲಿವೆ, ಆದರೆ ಧ್ವನಿಯಲ್ಲಿ ಕೊಟ್ಟ ಹೇಳಿಕೆಯನ್ನು ಅದೇ ಧ್ವನಿಯಲ್ಲಿ ತಿದ್ದಬೇಕು ಎಂಬ ನಿಯಮವನ್ನು ಶೃತಿ ಹೇಳಿದಳು.

ಬರೆದುಕೊಟ್ಟರೆ ಸಾಲದೇ ಎಂದು ಅಂಜನಮ್ಮ ಕೇಳಿದಳು. ಸಾಲದು. ಅವಳು ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು.

"ಕಾಲು ಹೋಗಿದ್ದು ನಂಗೆ ಗೊತ್ತಿಲ್ದೆ ಏನಲ್ಲ ತಾಯಿ," ಎಂದುಬಿಟ್ಟು, ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡವಳಂತೆ ತಡೆದಳು. ಮತ್ತೆ ಮೆಲ್ಲಗೆ, "ಬಾಯ್ಬಿಟ್ಟು ಅಂದ್ರೆ ಆ ಮಾತು ಮನೇಲಿ ಉಳ್ಕೊಂಬುಡ್ತದೆ," ಎಂದಳು.

ಹನ್ನೊಂದೂವರೆಗೆ ಶೃತಿ ವಿಡಿಯೊ ಕರೆ ಹಚ್ಚಿದಳು.

ಪರದೆಯ ಮೇಲೆ ಬಂದ ಅಧಿಕಾರಿ ಕನ್ನಡಕ ಹಾಕಿದ್ದ ಮಧ್ಯವಯಸ್ಸಿನ ವೈದ್ಯೆ. ಒರಟಾಗಿರಲಿಲ್ಲ, ಅವಸರದಲ್ಲಿಯೂ ಇರಲಿಲ್ಲ. ಚಿಕ್ಕಬೈರಪ್ಪ ಹೆಂಡತಿಯ ಪರವಾಗಿ ಮಾತು ತೆಗೆದಾಗ, ದಯವಿಟ್ಟು ಅವರೇ ಹೇಳಲಿ ಎಂದರು. ಅಂಜನಮ್ಮ ಸೀರೆಯ ನೆರಿಗೆ ಸರಿಸಿ, ಪಟ್ಟಿ ಬಿಚ್ಚಿ, ಕಾಲಿನ ತುದಿಯನ್ನು ಕ್ಯಾಮೆರಾಕ್ಕೆ ತೋರಿಸಿದಳು. ವೈದ್ಯೆ ನೋಡಿದರು.

"ಕಾಣಿಸ್ತಿದೆ ಅಮ್ಮ. ಆದ್ರೆ ಹಿಂದಿನ ರೆಕಾರ್ಡಿಂಗ್‌ನಲ್ಲಿ ಬೇರೆ ಇದೆ. ನಿಮ್ಮ ಎಡಗಾಲು ಇದೆಯೋ, ಇಲ್ಲವೋ? ಅಷ್ಟು ಹೇಳಿ."

ಅಂಜನಮ್ಮ ಗಂಡನ ಕಡೆ ನೋಡಲಿಲ್ಲ. ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಇಲ್ಲ," ಎಂದಳು. ಸ್ವಲ್ಪ ತಡೆದು, ಒಂದೊಂದೇ ಪದವನ್ನು ಇಳಿಸುವ ಹಾಗೆ, "ನನ್ನ ಎಡಗಾಲು ಇಲ್ಲ, ಮೇಡಂ."

ಚಿಕ್ಕಬೈರಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ತಲೆ ತಗ್ಗಿಸಿದ. ಕಡತ ಮುಚ್ಚಲು ಕೈ ಚಾಚಿದ್ದ ಶೃತಿ ಹಾಗೆಯೇ ನಿಂತಳು. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಪದ. ಅದಕ್ಕೆ ಇಷ್ಟು ತೂಕವಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ವೈದ್ಯೆ ಆಯಿತಮ್ಮ ಎಂದು ಏನೋ ಬರೆದುಕೊಂಡರು.

ಮೂರನೆಯ ದಿನ ಒಪ್ಪಿಗೆ ಬಂತು.

ದುಂಡಪ್ಪ ಕಾಲ್ಚೀಲದಂಥ ಮೆತ್ತನೆಯ ಹೊದಿಕೆ ಏರಿಸಿ, ತೊಡುಗೆಯೊಳಗೆ ಕಾಲು ಕೂರಿಸಿ, ಪಟ್ಟಿ ಬಿಗಿದ. ಎರಡು ಸಮಾನಾಂತರ ಕಂಬಿಗಳ ನಡುವೆ ಅಂಜನಮ್ಮ ಎದ್ದು ನಿಂತಳು. ನಾಲ್ಕು ತಿಂಗಳು ಅವಳು ಕೂತದ್ದನ್ನೇ ನೋಡಿದ್ದ ಚಿಕ್ಕಬೈರಪ್ಪ, ಅವಳ ಕಣ್ಣು ತನ್ನ ಕಣ್ಣಿನ ಎತ್ತರಕ್ಕೆ ಬಂದದ್ದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಮೊದಲ ದಿನ ನಾಲ್ಕು ಹೆಜ್ಜೆ ಸಾಕು, ಕಂಬಿ ಮುಗಿಯುವಲ್ಲಿ ಕುರ್ಚಿ ಇದೆ ಎಂದು ದುಂಡಪ್ಪ ಹೇಳಿದ. ಹನ್ನೆರಡು ವರ್ಷಗಳಿಂದ ಎಲ್ಲರಿಗೂ ಅವನು ಹೇಳುವುದು ಅಷ್ಟೇ, ಎಲ್ಲರೂ ಮಾಡುವುದೂ ಅಷ್ಟೇ.

ಅವಳು ಬಲಗಾಲಿಟ್ಟಳು. ಆಮೇಲೆ ಎಡಗಾಲು. ರಬ್ಬರಿನ ಪಾದ ನೆಲ ಮುಟ್ಟಿದಾಗ ಸಣ್ಣಗೆ ಟಕ್ ಎಂದಿತು. ಅವಳು ನಿಂತು, ಆ ಸದ್ದು ತನ್ನದೇ ಎಂದು ಖಚಿತಪಡಿಸಿಕೊಳ್ಳುವಂತೆ ಕಿವಿಗೊಟ್ಟು, ಮುಂದಿನ ಹೆಜ್ಜೆ ಇಟ್ಟಳು. ಕಂಬಿಯ ಕೊನೆಯಲ್ಲಿ ಗಂಡ ಎರಡೂ ಕೈ ಚಾಚಿ ನಿಂತಿದ್ದ. ಅವಳು ಅಲ್ಲಿಯವರೆಗೆ ಬಂದಳು, ಕೈ ಹಿಡಿಯಲಿಲ್ಲ, ಕುರ್ಚಿಯನ್ನು ನೋಡಲಿಲ್ಲ. ಹೊಸ ಪಾದದ ಮೇಲೆ ಭಾರ ಬಿಟ್ಟು ಮೆಲ್ಲಗೆ ತಿರುಗಿ, ಬಂದ ದಾರಿಯಲ್ಲೇ ವಾಪಸು ನಡೆಯತೊಡಗಿದಳು.

ಹಿಡಿದುಕೊಳ್ಳಲು ಮುಂದಾಗಿದ್ದ ದುಂಡಪ್ಪ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.