ಸನ್ಮಾನದ ದಿನದ ಊಟ

ಶಿವನಂಜಮ್ಮ ದೊಡ್ಡ ಪಾತ್ರೆ ಮುಟ್ಟದ ದಿನವೆಂದರೆ ಭಾನುವಾರ ಒಂದೇ. ಆ ಭಾನುವಾರವನ್ನೂ ಸನ್ಮಾನ ಮಾಡುತ್ತೇವೆಂದು ಕಿತ್ತುಕೊಂಡರು.

ಹಾರನಹಳ್ಳಿ ಹೋಬಳಿಯ ಒಂದು ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು. ಗಂಡನಿಗೆ ಹೊಗೆಸೊಪ್ಪು, ಜೋಳ ಬೆಳೆಯುವ ಜಮೀನಿತ್ತು, ಕೊಟ್ಟಿಗೆಯಲ್ಲಿ ಹಸುಗಳಿದ್ದವು. ಹೊಟ್ಟೆಪಾಡಿಗೆಂದು ಈ ಕೆಲಸಕ್ಕೆ ಬಂದವಳಲ್ಲ. ಏನಾದರೂ ಬೇಕೆಂದಾಗ ಗಂಡನ ಜೇಬಿಗೆ ಕೈಯೊಡ್ಡುವುದು ಅವಳ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ, ಅದಕ್ಕೇ ಬಂದಳು. ಬಂದ ಮೇಲೆ ಮಕ್ಕಳ ಗದ್ದಲ ರೂಢಿಯಾಗಿ ಬಿಡಲು ಮನಸ್ಸಾಗಲಿಲ್ಲ.

ಕರೆಯೋಲೆ ತಂದುಕೊಟ್ಟವರು ಹೆಡ್ಮಾಸ್ಟರ್ ಶಿವಶಂಕರ್.

"ತುತ್ತು ಸೇವಾ ಬಳಗ ಅಂತ, ಪಿರಿಯಾಪಟ್ಟಣದೋರು. ತಾಲ್ಲೂಕಿನ ಅಡುಗೆಯವರಿಗೆಲ್ಲ ತರಬೇತಿ, ಸನ್ಮಾನ, ಆಮೇಲೆ ಭರ್ಜರಿ ಊಟ. ನಮ್ಮ ಹೋಬಳಿಯ ಅತ್ಯುತ್ತಮ ಅಡುಗೆಯವರು ಅಂತ ನಿಮ್ಮ ಹೆಸರು ಕೊಟ್ಟಿದೀನಿ. ನೀವು ಹೋಗದೇ ಇದ್ರೆ ನನ್ನ ಮರ್ಯಾದೆ ಹೋಗುತ್ತೆ ಕಣ್ರೀ."

"ನಾನು ಅತ್ಯುತ್ತಮ ಅಂತ ನಿಮ್ಗೆ ಎಂಗೆ ಗೊತ್ತಾಯ್ತು ಸಾ? ನೀವು ಮನೆಯಿಂದ ಡಬ್ಬಿ ತತ್ತೀರಿ."

ಶಿವಶಂಕರ್ ನಕ್ಕು ಜಾರಿಕೊಂಡರು. ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡುವುದು ಅವರ ಕೆಲಸವೇ ಆಗಿತ್ತು. ಒಂದು ಅಗುಳನ್ನು ನಾಲಿಗೆಯ ತುದಿಗೆ ತಾಗಿಸಿ ರಿಜಿಸ್ಟರಿನಲ್ಲಿ ಸಹಿ ಹಾಕುವುದರಲ್ಲಿ ಅವರು ಎಷ್ಟು ಪಳಗಿದ್ದರೆಂದರೆ, ಒಮ್ಮೊಮ್ಮೆ ಆ ಅಗುಳೂ ಬೇಕಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವಳು ಅದೇ ಶಾಲೆಯ ಸಹಾಯಕ ಅಡುಗೆಯವಳು ಮಂಗಳಮ್ಮ. ಅವಳಿಗೆ ಜಮೀನಿರಲಿಲ್ಲ. ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರೆ ಬರುವುದು ಯಾವಾಗಲೋ. ವರ್ಷವರ್ಷವೂ ಕೆಲಸದಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಎಂದು ಅವಳು ಪಡುವ ಭಯ ನೋಡಿ ಶಿವನಂಜಮ್ಮನಿಗೆ ಅಯ್ಯೋ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇವತ್ತು ಮಾತ್ರ ಮಂಗಳಮ್ಮ ಮದುವೆಗೆ ಹೊರಟವಳ ಹಾಗೆ ನೇರಳೆ ಸೀರೆ ಉಟ್ಟು, ಹೂ ಮುಡಿದು, ಕಿಟಕಿಯಾಚೆ ನೋಡಿ ನಗುತ್ತಿದ್ದಳು.

"ಒಂದ್ ದಿನ ಯಾರೋ ಮಾಡಿ ನಮ್ಗೆ ಬಡಿಸ್ತಾರೆ ಅಂದ್ರೆ ಸುಮ್ನೇನಾ ಅಕ್ಕ? ನಾನು ಬೆಳಗ್ಗೆ ಏನೂ ತಿಂದಿಲ್ಲ. ಒಟ್ಟೆ ಖಾಲಿ ಮಡೀಕಂಡೇ ಬಂದಿವ್ನಿ. ನೀವೂ ತಿಂದಿಲ್ಲ ತಾನೆ?"

"ಎರಡು ರೊಟ್ಟಿ ತಿಂದೇ ಬಂದಿದೀನಿ. ಇವ್ರನ್ನ ನಂಬ್ಕಂಡು ಒಟ್ಟೆ ಖಾಲಿ ಬುಡೋಕೆ ನಂಗೇನು ತಲೆ ಕೆಟ್ಟಿದ್ದಾ?" ಅಂದಳು ಶಿವನಂಜಮ್ಮ.

ಕಲ್ಯಾಣ ಮಂಟಪದ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಬಳಗದ ಅಧ್ಯಕ್ಷ ನಂಜುಂಡೇಶನ ಮುಖ ಅದರಲ್ಲಿ ಗಾಡಿ ಚಕ್ರದಷ್ಟು ದೊಡ್ಡದಾಗಿತ್ತು. ಹೊಗೆಸೊಪ್ಪಿನ ವ್ಯಾಪಾರದಲ್ಲಿ ದುಡ್ಡು ಮಾಡಿ ಮುಗಿಸಿ ಈಗ ಹೆಸರು ಮಾಡಲು ಹೊರಟ ಮನುಷ್ಯ. ಅವನ ಗಲ್ಲದ ಕೆಳಗೆ, ಉದ್ದನೆಯ ಬಿಳಿ ಟೋಪಿ ಹಾಕಿದ ಯಾವುದೋ ದೊಡ್ಡ ಹೋಟೆಲಿನ ಗಂಡಸು ಸೌಟು ಹಿಡಿದು ಹಲ್ಲು ಕಿರಿಯುತ್ತಿದ್ದ. ಒಳಗೆ ಕುರ್ಚಿ ಹಿಡಿದು ಕೂತವರೆಲ್ಲ ಹೆಂಗಸರು ಎಂಬುದು ಅದನ್ನು ಮಾಡಿಸಿದವನಿಗೆ ಹೊಳೆದೇ ಇರಲಿಲ್ಲ.

ಮೊದಲು ತರಬೇತಿ. ಮೈಸೂರಿನಿಂದ ಬಂದ ಚೇತನ್‌ಕುಮಾರ್ ಎಂಬ ಹುಡುಗುಮುಖದ ತರಬೇತುದಾರ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಕೈ ತೊಳೆಯುವ ವಿಧಾನ ಹೇಳಿಕೊಟ್ಟ. ಅಂಗೈ, ಹಿಂಗೈ, ಬೆರಳ ಸಂದು. ಹುಟ್ಟಿದಾಗಿನಿಂದ ಕೈಯನ್ನೇ ತೊಳೆಯದವರಿಗೆ ಹೇಳುವ ಹಾಗೆ ಹೇಳಿದ. ಎಲ್ಲರೂ ಎದ್ದು ನಿಂತು ಗಾಳಿಯಲ್ಲಿ ಕೈ ಉಜ್ಜಬೇಕಂತೆ. ಉಜ್ಜಿದರು. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು:

"ಸಾ, ನಮ್ಮ ಸ್ಕೂಲ್ ಮೋಟ್ರು ಕೆಟ್ಟು ಕುಂತದೆ. ಅಕ್ಕಿ ತೊಳೆಯಾಕೆ ನಾವೇ ಬಿಂದ್ಗೇಲಿ ಒತ್ಕಂಡು ಬತ್ತೀವಿ. ಇಷ್ಟೊಂದು ಕೈ ತೊಳೆಯಾಕೆ ನೀರು?"

"ನೀರಿನ ಗುಣಮಟ್ಟದ ವಿಷಯ ಮುಂದಿನ ಸ್ಲೈಡಿನಲ್ಲಿ ಬರುತ್ತೆ ಮೇಡಂ" ಅಂದ ಚೇತನ್‌ಕುಮಾರ್. ಮುಂದಿನ ಸ್ಲೈಡಿನಲ್ಲಿ ಉಗುರು ಕತ್ತರಿಸುವ ಚಿತ್ರ ಬಂತು.

ಆಮೇಲೆ ಸನ್ಮಾನ. ಅತ್ಯುತ್ತಮ ಅಡುಗೆಯವರೆಂದು ಆರಿಸಿದ ನಾಲ್ವರನ್ನು ವೇದಿಕೆ ಹತ್ತಿಸಿದರು. ಗಣ್ಯರಿಗೆ ಮುಂದೆ ಮೆತ್ತೆಯ ಕುರ್ಚಿ, ಇವರಿಗೆ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಎದುರಿನ ಬೆನ್ನುಗಳ ನಡುವೆ ಇಣುಕಿದರೆ ಮಾತ್ರ ಸಭೆ ಕಾಣುತ್ತಿತ್ತು. ಶಾಲುಗಳ ಗಂಟು ಇನ್ನೂ ಬಂದಿಲ್ಲವೆಂದು ಒಂದೇ ಶಾಲಿನಲ್ಲಿ ಕೆಲಸ ಮುಗಿಸಿದರು. ಹೊದಿಸಿ ಫೋಟೋ ತೆಗೆದಾದ ಮೇಲೆ ಬಳಗದ ಕಾರ್ಯದರ್ಶಿ ಮಹೇಂದ್ರ ಅದನ್ನು ಹೆಗಲಿನಿಂದ ಮೆಲ್ಲನೆ ಎಳೆದು, ಮಡಚಿ, ಮುಂದಿನವಳಿಗೆ ಸಿದ್ಧ ಮಾಡುತ್ತಿದ್ದ. ಶಿವನಂಜಮ್ಮನ ಹೆಗಲಿಗೆ ಬರುವಾಗ ಅದು ಮೂರು ಹೆಂಗಸರ ಬೆವರು ಕುಡಿದು ಒದ್ದೆಯಾಗಿತ್ತು. "ನಿಮ್ಮದು ಸ್ಕೂಲಿಗೇ ಕಳಿಸ್ತೀವಿ" ಎಂದು ಮಹೇಂದ್ರ ಪಿಸುಗುಟ್ಟಿದ. ಅವಳು ಅವನ ಮುಖವನ್ನೇ ನೋಡಿದಳು. ಅವನಿಗೆ ನಾಚಿಕೆಯಾಗುವ ಲಕ್ಷಣ ಕಾಣಲಿಲ್ಲ.

ನಂಜುಂಡೇಶ ಭಾಷಣಕ್ಕೆ ನಿಂತ. ನೀವು ತಾಯಂದಿರು, ನೀವು ಅನ್ನಪೂರ್ಣೆಯರು, ನಿಮ್ಮ ಪಾದ ತೊಳೆದರೂ ಕಮ್ಮಿ, ಎಂದು ಏನೇನೋ ಹೇಳುತ್ತಿದ್ದ. ಅಷ್ಟರಲ್ಲಿ ಮಹೇಂದ್ರ ಓಡಿಬಂದು ಅವನ ಕಿವಿಯಲ್ಲಿ ಉಸುರಿದ. ಹಿಂದೆ ಕೂತ ಶಿವನಂಜಮ್ಮನಿಗೆ ಪೂರ್ತಿ ಕೇಳಿಸಿತು. ಅಡುಗೆ ಕಂಟ್ರಾಕ್ಟರ್ ಕೈ ಕೊಟ್ಟಿದ್ದ. ಹುಣಸೂರಿನಲ್ಲಿ ದೊಡ್ಡ ಮದುವೆ ಸಿಕ್ಕಿತೆಂದು ತನ್ನ ಆಳುಗಳನ್ನೆಲ್ಲ ಅಲ್ಲಿಗೆ ಕಳಿಸಿ, ಫೋನ್ ಆಫ್ ಮಾಡಿದ್ದ. ಅಕ್ಕಿ, ಬೇಳೆ, ತರಕಾರಿ ಅಡುಗೆಮನೆಯಲ್ಲಿ ಬಿದ್ದಿದ್ದವು. ಒಲೆ ಹಚ್ಚುವವರಿರಲಿಲ್ಲ.

ನಂಜುಂಡೇಶನ ಮುಖ ಒಂದು ಗಳಿಗೆ ಬಾಡಿತು. ಮರುಗಳಿಗೆಯಲ್ಲೇ ಅರಳಿತು. ಮೈಕಿನತ್ತ ಬಾಗಿದ.

"ತಾಯಂದಿರೇ, ಒಂದು ಚಿಕ್ಕ ತೊಂದರೆ ಆಗಿದೆ. ಅಡುಗೆ ಭಟ್ಟರು ಬಂದಿಲ್ಲ. ಆದರೆ ಇಡೀ ತಾಲ್ಲೂಕಿನ ಅನ್ನಪೂರ್ಣೆಯರು ಇಲ್ಲೇ ಇರುವಾಗ ನಮಗೇನು ಚಿಂತೆ! ಎಲ್ಲ ಸೇರಿ ಕೈ ಹಾಕಿದರೆ ಅರೆಗಳಿಗೆ ಕೆಲಸ, ಅಲ್ವೇನ್ರೀ?"

ಮುಂದಿನ ಕುರ್ಚಿಗಳಿಂದ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಒಲೆ ಹಚ್ಚುವವರಲ್ಲ.

ಸಭೆಯಲ್ಲಿ ಮೊದಲು ಯಾರೂ ಅಲುಗಾಡಲಿಲ್ಲ. ಆಮೇಲೆ ಒಬ್ಬಳು ಎದ್ದಳು, ಇನ್ನೊಬ್ಬಳು, ನೋಡನೋಡುತ್ತ ಮುಂದಿನ ಸಾಲು ಪೂರ್ತಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸತೊಡಗಿತು. ವೇದಿಕೆಯ ಮೇಲಿದ್ದ ಉಳಿದ ಮೂವರು 'ಅತ್ಯುತ್ತಮ'ರೂ ಮೆಟ್ಟಿಲಿಳಿದರು. ಥೂ, ಅನ್ನಿಸಿತು ಶಿವನಂಜಮ್ಮನಿಗೆ. ಮೈಕಿನಲ್ಲಿ ದೇವತೆ ಅಂದವನು ಅದೇ ಉಸಿರಿನಲ್ಲಿ ಒಲೆ ಉರಿಸು ಅಂದರೂ ಎದ್ದು ಹೋಗುತ್ತಾರಲ್ಲ, ಇವರನ್ನು ಯಾರು ತಾನೆ ಮನುಷ್ಯರೆಂದು ಲೆಕ್ಕಕ್ಕಿಡುತ್ತಾರೆ! ಹಾಗೆ ಎದ್ದವರ ನಡುವೆ ನೇರಳೆ ಸೀರೆ ಕಂಡಿತು. ಮಂಗಳಮ್ಮ ಮುಡಿದ ಹೂ ತೆಗೆದು ಪಕ್ಕದವಳ ಚೀಲಕ್ಕೆ ಹಾಕಿ, ತಲೆ ತಗ್ಗಿಸಿಕೊಂಡು ಅಡುಗೆಮನೆಯ ಕಡೆ ನಡೆದಳು.

ಮಹೇಂದ್ರ ಹತ್ತಿರ ಬಂದ. "ಶಿವನಂಜಮ್ಮೋರೇ, ನೀವೇ ಮುಂದೆ ನಿಂತು ಉಸ್ತುವಾರಿ ನೋಡ್ಕೊಂಡ್ರೆ ಚೆನ್ನಾಗಿರುತ್ತೆ."

"ನಾನು ಉಣ್ಣಾಕೆ ಬಂದಿರೋಳು" ಅಂದಳು ಅವಳು.

"ಅಂದ್ರೆ?"

"ಊಟಕ್ಕೆ ಕರೆದ್ರಿ, ಬಂದಿವ್ನಿ. ಅಡುಗೆ ಆದ್ಮೇಲೆ ಯೋಳಿ, ಕುಂತ್ಕತೀನಿ."

ಮಹೇಂದ್ರನ ನಗು ಹೋಯಿತು. "ಎಲ್ಲರೂ ಹೋಗಿದಾರೆ. ನಿಮ್ಮೊಬ್ಬರಿಗೆ ಏನು ದೊಡ್ಡಸ್ತಿಕೆ?" ಅಂದ. ಅವಳು ಪ್ಲಾಸ್ಟಿಕ್ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಂಡು ಕೂತಳು. ಒಳಗಿನಿಂದ ಈರುಳ್ಳಿಯ ಘಾಟು, ಕೊಳಗ ಉರುಳಿಸುವ ಸದ್ದು ಬರುತ್ತಿದ್ದವು. ಎದ್ದು ಹೋಗಲು ಕಾಲು ತಾನಾಗಿ ಮಿಡುಕಿತು, ಬೇಳೆ ಬೆಂದ ವಾಸನೆಗೆ ಉಪ್ಪು ಹಾಕಲು ಕೈ ಮಿಡುಕಿತು. ಹಲ್ಲು ಕಚ್ಚಿ ಕೂತಳು.

ಊಟ ಸಿದ್ಧವಾದದ್ದೇ ಗಣ್ಯರು ಮೊದಲ ಪಂಕ್ತಿಗೆ ನುಗ್ಗಿದರು. ಅಡುಗೆಯವರು ಎರಡನೇ ಪಂಕ್ತಿಗೆ, ಎಂದು ಮಹೇಂದ್ರ ಬಾಗಿಲಲ್ಲೇ ಕೂಗುತ್ತಿದ್ದ. ಶಿವನಂಜಮ್ಮ ಅವನನ್ನು ಕಂಬವನ್ನು ದಾಟುವ ಹಾಗೆ ದಾಟಿ ಹೋಗಿ ನಂಜುಂಡೇಶನ ಪಕ್ಕದ ಎಲೆಗೇ ಕೂತಳು. ಅವನು ಒಮ್ಮೆ ತಿರುಗಿ ನೋಡಿ, ಗುರುತು ಹತ್ತದೆ, ಯಾರೋ ಗಣ್ಯರ ಮನೆಯವರಿರಬೇಕೆಂದು ಕೈ ಮುಗಿದ.

ಅನ್ನ ಬಂತು. ಹಿಂದೆಯೇ ಸಾಂಬಾರಿನ ಬಕೆಟ್ಟು ಹಿಡಿದು ಬಂದವಳು ಮಂಗಳಮ್ಮ. ನೇರಳೆ ಸೀರೆಯ ನೆರಿಗೆ ಒದ್ದೆಯಾಗಿ ಕಾಲಿಗೆ ಅಂಟಿತ್ತು, ಮುಂದೋಳಿನ ಮೇಲೆ ಎಣ್ಣೆ ಸಿಡಿದು ಕೆಂಪಗಾಗಿತ್ತು. ಶಿವನಂಜಮ್ಮನ ಎಲೆಯ ಮುಂದೆ ಅವಳು ನಿಂತಳು.

"ಬಡಿಸ್ಲಾ?"

ಶಿವನಂಜಮ್ಮ ಅನ್ನದ ನಡುವೆ ಗುಳಿ ಮಾಡಿದಳು. ಮಂಗಳಮ್ಮ ಒಂದು ಸೌಟು ಹುಯ್ದಳು.

"ಉಣ್ಣಿ. ನಮ್ ಕೈ ಊಟನೇ."

ಆ ದನಿಯನ್ನು ಶಿವನಂಜಮ್ಮ ಚೆನ್ನಾಗಿ ಬಲ್ಲಳು. ಡಬ್ಬಿ ತರುವ ಹೆಡ್ಮಾಸ್ಟರನ್ನು ತಾನು ಮಾತಾಡಿಸುವ ದನಿ ಅದು. ಯಾವತ್ತೂ ಅದು ತನ್ನ ಕಡೆ ತಿರುಗೀತೆಂದು ಅಂದುಕೊಂಡಿರಲಿಲ್ಲ. ಕಲಸಿದ ತುತ್ತು ಕೈಯಲ್ಲೇ ಉಳಿಯಿತು.

"ಅಮ್ಮಾ, ಇಲ್ಲಿ ಇನ್ನೊಂದು ಸೌಟು ಹಾಕು" ಅಂದ ನಂಜುಂಡೇಶ, ತಲೆಯೆತ್ತದೆ.

ಶಿವನಂಜಮ್ಮ ಎದ್ದಳು. ಎಂಜಲು ಕೈ ನೀರಿನ ಲೋಟದಲ್ಲಿ ತೊಳೆದು, ಮಂಗಳಮ್ಮನಿಂದ ಬಕೆಟ್ಟು ಕಸಿದು, ನಂಜುಂಡೇಶನ ಎದೆಯ ಮುಂದೆ ಹಿಡಿದಳು.

"ಏಳಿ ಸಾ. ಸನ್ಮಾನ ಮಾಡಾಕೆ ಕರ್ಸಿದ್ರಲ್ಲ, ಬಡ್ಸಿ. ಇವ್ಳು ಬೆಳಗ್ಗಿಂದ ಒಂದಗುಳು ಉಂಡಿಲ್ಲ. ಪಾದ ತೊಳೆಯೋದು ಬುಡಿ, ಒಂದು ಸೌಟು ಸಾಂಬಾರು ಹಾಕಿ ಸಾಕು."

ಮಹೇಂದ್ರ ಓಡಿಬಂದ. ನಂಜುಂಡೇಶನ ಕಿವಿ ಕೆಂಪಾಗಿ, ಬಾಯಿ ಬಿಗಿಯಿತು. ಅಷ್ಟರಲ್ಲಿ ಅವನ ಕಣ್ಣು ಸುತ್ತ ಎತ್ತಿ ಹಿಡಿದ ಫೋನುಗಳ ಮೇಲೆ ಬಿತ್ತು, ಫ್ಲೆಕ್ಸಿನಲ್ಲಿದ್ದ ನಗುವೇ ಮುಖದ ಮೇಲೆ ಬಂದು ಕೂತಿತು.

"ಖಂಡಿತ ತಾಯಿ! ಇದು ನನ್ನ ಭಾಗ್ಯ" ಎನ್ನುತ್ತ ಎದ್ದ.

ಮಂಗಳಮ್ಮನನ್ನು ಒಂದು ಎಲೆಯ ಮುಂದೆ ಕೂರಿಸಿದರು. ನಂಜುಂಡೇಶ ಕೈ ತೊಳೆದು ಸೌಟು ಎತ್ತಿ, ಫೋಟೋ ತೆಗೆಯುವವನ ಕಡೆ ತಿರುಗಿ, ನಿಂತ. ಸಾಂಬಾರು ಎಲೆಯ ಅಂಚಿಗೆ ಬಿದ್ದು ಅವಳ ಸೀರೆಗೆ ಹರಿಯಿತು. ಇನ್ನೂ ಮೂರು ಎಲೆ ಬಡಿಸಿದ. ಫೋಟೋದವನು ಸಾಕೆಂದು ತಲೆಯಾಡಿಸಿದ ಕೂಡಲೇ ಬಕೆಟ್ಟನ್ನು ಅಲ್ಲೇ ನೆಲಕ್ಕಿಟ್ಟು ತನ್ನ ಎಲೆಗೆ ಮರಳಿದ. ಮಂಗಳಮ್ಮ ತುತ್ತು ಎತ್ತುವ ಮೊದಲೇ ಒಳಗಿನಿಂದ ಕೂಗು ಬಂತು, "ಮಂಗಳಕ್ಕಾ, ಅನ್ನ ತಳ ಇಡೀತಾ ಅದೆ!" ಅವಳು ಎದ್ದು ಓಡಿದಳು. ನೆಲದ ಮೇಲಿದ್ದ ಬಕೆಟ್ಟನ್ನು ಎತ್ತಿಕೊಂಡವಳು ಶಿವನಂಜಮ್ಮ. ಬಡಿಸುವವರಿಲ್ಲದೆ ಎಲೆಗಳು ಕಾಯುತ್ತಿದ್ದವು. ಎರಡನೇ ಪಂಕ್ತಿಗೆ ಸಾಂಬಾರು ಅರ್ಧಕ್ಕೇ ಮುಗಿಯಿತು. ಕೊನೆಯವರೆಗೂ ಒಳಗಿದ್ದವರಿಗೆ ಉಳಿದದ್ದು ತಳ ಹಿಡಿದ ಅನ್ನ, ಮಜ್ಜಿಗೆ.

ಬಸ್ ಸ್ಟ್ಯಾಂಡಿನವರೆಗೂ ಮಂಗಳಮ್ಮ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಶಿವನಂಜಮ್ಮನೇ ಬಾಯಿ ತೆಗೆದಳು.

"ಯಾಕೆ ಎದ್ದೋದೆ ನೀನು? ಕುಂತಿದ್ರೆ ಅವ್ರೇನು ಒಡೀತಿದ್ರಾ?"

ಮಂಗಳಮ್ಮ ತಿರುಗಿ ನಿಂತಳು. "ನೀನು ಮ್ಯಾಲೆ ಕುಂತಿದ್ದೆ ಕಣಕ್ಕ. ಮ್ಯಾಲಿಂದ ಆಗಲ್ಲ ಅನ್ನೋದು ಸಲೀಸು. ನಾಳೆ ನಿನ್ನ ತೆಗೆದಾಕಿದ್ರೆ ನೀನು ಓಗಿ ಹಸ ಕಟ್ತೀಯ. ನಾನು? ನನ್ಗಂತೂ ಎದ್ದೋಗಿದ್ದಕ್ಕಿಂತ, ನೀನು ಅವ್ರ ಜೊತೆ ಪಂಕ್ತೀಲಿ ಕುಂತಿದ್ದಿಯಲ್ಲ, ಅದನ್ನ ನೋಡಿ ಒಟ್ಟೆ ಉರೀತು."

ಇಷ್ಟು ವರ್ಷದಲ್ಲಿ ಅವಳು ಶಿವನಂಜಮ್ಮನನ್ನು 'ನೀನು' ಅಂದದ್ದು ಅದೇ ಮೊದಲು. ಶಿವನಂಜಮ್ಮನಿಗೆ ಅದು ತಪ್ಪೆನ್ನಿಸಲಿಲ್ಲ. ತನಗಿದ್ದ ಧೈರ್ಯದ ಅರ್ಧ ಜಮೀನಿನದ್ದು ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೂ ಎದ್ದವರನ್ನೆಲ್ಲ ಮನಸ್ಸಿನಲ್ಲೇ ಉಗಿದು ಕೂತಿದ್ದಳು. ಆ ಉಗುಳು ಈಗ ತನ್ನ ಮುಖದ ಮೇಲೇ ಇದ್ದ ಹಾಗಾಯಿತು.

"ನಡಿ" ಅಂದಳು. "ಬಸ್ಸು ಓದ್ರೆ ಓಯ್ತು. ಮೊದ್ಲು ಏನಾರ ತಿನ್ನು."

ಎದುರಿನ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತರಿಸಿದಳು. ಮಂಗಳಮ್ಮ ಮುಖ ಎತ್ತದೆ ತಿಂದಳು. ಇನ್ನೊಂದು ತರಿಸಿದಾಗಲೂ ಬೇಡ ಅನ್ನಲಿಲ್ಲ. ಶಿವನಂಜಮ್ಮ ಚಟ್ನಿ ನಾಲಿಗೆಗಿಟ್ಟು, "ಇದಕ್ಕೆ ತೆಂಗಿನಕಾಯಿ ತೋರ್ಸಿ ವಾಪಸ್ ಇಟ್ಟವ್ರೆ" ಅಂದಳು. ಮಂಗಳಮ್ಮನಿಗೆ ನಗು ಬಂತು, ನಗಬಾರದೆಂದು ಲೋಟ ಎತ್ತಿ ನೀರು ಕುಡಿದಳು.

ಸೋಮವಾರ ಹೆಡ್ಮಾಸ್ಟರ್ ಶಿವಶಂಕರ್ ಅಡುಗೆಕೋಣೆಯ ಬಾಗಿಲಿಗೇ ಬಂದರು. ಕೈಯಲ್ಲಿ ಫೋನು. ಅಡುಗೆಯವರಿಗೆ ತಾವೇ ಕೈಯಾರೆ ಬಡಿಸಿ ಸರಳತೆ ಮೆರೆದ ಅಧ್ಯಕ್ಷರು ಎಂದು ಸುದ್ದಿಯಾಗಿತ್ತಂತೆ. ಫೋಟೋದಲ್ಲಿ ನಂಜುಂಡೇಶ, ಸೌಟು, ನಗು ಎಲ್ಲ ಸ್ಪಷ್ಟವಾಗಿದ್ದವು. ಕೂತವಳ ಮುಖ ಅವನ ಹೊಟ್ಟೆಯ ಹಿಂದೆ ಮರೆಯಾಗಿತ್ತು.

"ನೋಡಿ, ನಮ್ಮ ಸ್ಕೂಲಿಗೆ ಎಷ್ಟು ಹೆಸರು ಬಂತು!" ಅಂದರು ಶಿವಶಂಕರ್. ನಡೆದದ್ದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. "ಇನ್ನು ಮೇಲೆ ಪ್ರತಿ ವರ್ಷ ಮಾಡ್ತಾರಂತೆ. ಮುಂದಿನ ಸಲ ಹೊರಗಿನ ಕಂಟ್ರಾಕ್ಟರ್ ಸಹವಾಸವೇ ಬೇಡ, ಅಡುಗೆ ಕೆಲಸ ನಿಮಗೇ ವಹಿಸೋಣ ಅಂತ ಮಹೇಂದ್ರ ಅವರು ಫೋನ್ ಮಾಡಿದ್ರು. ನಾನು ಹೂಂ ಅಂದಿದೀನಿ."

ಶಿವನಂಜಮ್ಮ ಬಾಯಿ ತೆರೆದಳು. ಅವಳು ಹೇಳಬೇಕೆಂದಿದ್ದ ಮಾತು ಖಾರವಾಗಿಯೇ ಇತ್ತು. ಆದರೆ ಅಕ್ಕಿ ತೊಳೆಯುತ್ತ ಕುಕ್ಕರಗಾಲಲ್ಲಿ ಕೂತಿದ್ದ ಮಂಗಳಮ್ಮ ತಲೆಯೆತ್ತಿದಳು.

"ನಾವು ಬರಲ್ಲ ಸಾ" ಅಂದಳು.

"ಏನು?"

"ಬರಲ್ಲ. ಹೂಂ ಅಂದೋರು ನೀವು, ನೀವೇ ಓಗಿ ಮಾಡಿ."

ಹೇಳಿ, ತೊಳೆದಾಗಿದ್ದ ಅಕ್ಕಿಯನ್ನೇ ಮತ್ತೆ ಉಜ್ಜತೊಡಗಿದಳು. ಶಿವಶಂಕರ್ ಶಿವನಂಜಮ್ಮನ ಮುಖ ನೋಡಿದರು, ಇವಳಾದರೂ ಬುದ್ಧಿ ಹೇಳಿಯಾಳೆಂದು. ಶಿವನಂಜಮ್ಮ ಸೆರಗು ಬಿಗಿದು ಬಂದು ಮಂಗಳಮ್ಮನ ಪಕ್ಕದಲ್ಲಿ ಕೂತು, ಪಾತ್ರೆಯ ಇನ್ನೊಂದು ಕಿವಿ ಹಿಡಿದು, ಕಲಗಚ್ಚು ಬಗ್ಗಿಸಿದಳು. ನೀರು ಹರಿದು ಹೆಡ್ಮಾಸ್ಟರ ಚಪ್ಪಲಿಯ ಕಡೆ ಹೋಯಿತು. ಅವರು ಹಿಂದಕ್ಕೆ ಸರಿದರು.