ಎರಡು ಸೊನ್ನೆ

ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಇಪ್ಪತ್ತುಗಳಿದ್ದವು. ರೇಣುಕಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಎರಡನ್ನೂ ದಿಟ್ಟಿಸಿದಳು. ಎಷ್ಟು ನೋಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಮೇಲಿನದನ್ನು ಇಮ್ಮಡಿ ಮಾಡು ಎಂದರೆ ಕಂಪ್ಯೂಟರು ನಲವತ್ತು ಎನ್ನುತ್ತಿತ್ತು, ಕೆಳಗಿನದನ್ನು ಇಮ್ಮಡಿ ಮಾಡು ಎಂದರೆ ನಾಲ್ಕು ಎನ್ನುತ್ತಿತ್ತು.

"ಸರ್, ಸ್ವಲ್ಪ ಬರ್ತೀರಾ?"

ಪಕ್ಕದ ಮೇಜಿನಲ್ಲಿದ್ದ ನೀಲಕಂಠಸ್ವಾಮಿ ತಿಂಗಳ ವರದಿ ಟೈಪು ಮಾಡುತ್ತಿದ್ದರು. ಹುಣಸೂರಿನಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ಅವರು. ಕನ್ನಡದಲ್ಲೇ ಕಂಪ್ಯೂಟರಿಗೆ ಅಪ್ಪಣೆ ಕೊಡುವಂಥ ಒಂದು ಭಾಷೆ ಕಟ್ಟಬೇಕೆಂಬ ಹುಚ್ಚು ಅವರಿಗೆ ಹತ್ತಿ, ಅದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ರೇಣುಕಾಗೂ ಅಂಟಿ, ಈಗ ಅವರ ಮನೆಯ ಮುಂದಿನ ಕೋಣೆ ಪ್ರತಿ ಭಾನುವಾರ ಇಬ್ಬರ ಕಾರ್ಖಾನೆಯಾಗಿಬಿಟ್ಟಿತ್ತು. ಭಾಷೆಗೆ 'ಸಾಲು' ಎಂದು ಹೆಸರಿಟ್ಟಿದ್ದರು. 'ಆದರೆ', 'ಇಲ್ಲವಾದರೆ', 'ಮುಗಿಯುವ ತನಕ' ಎಂಬ ಮನೆಮಾತುಗಳೇ ಅದರ ಕಟ್ಟಳೆ. ಯಾರೂ ಸಂಬಳ ಕೊಡುತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮೈಸೂರು, ಮಂಡ್ಯ, ಶಿವಮೊಗ್ಗದ ಕಡೆಯ ಕೆಲವರು ಬಿಡುವಾದಾಗ ತಾವೂ ಒಂದೊಂದು ತುಂಡು ಬರೆದು ಕಳಿಸುತ್ತಿದ್ದರು. ಕೆಲಸ ಎಲ್ಲಿಗೆ ಬಂತೆಂದು ಅವರಿಗೆಲ್ಲ ತಿಂಗಳಿಗೊಮ್ಮೆ ಮೇಷ್ಟ್ರು ಇ-ಮೇಲ್ ಮಾಡುತ್ತಿದ್ದರು. ಈ ತಿಂಗಳ ದೊಡ್ಡ ಸುದ್ದಿ ಆಗಲೇ ಬರೆದಾಗಿತ್ತು: ಪಕ್ಕದ ಕೋಟೆ ತಾಲೂಕಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಮಕ್ಕಳ ಮದ್ದಿನ ಅಳತೆ ತೆಗೆಯುವುದಕ್ಕೆ 'ಸಾಲು' ಬಳಕೆಯಾಗುತ್ತಿದೆ.

ಮೇಷ್ಟ್ರು ಬಗ್ಗಿ ನೋಡಿ, "ಕೆಳಗಿಂದು ಅಂಕಿ ಸೊನ್ನೆ ಅಲ್ಲ ಅನ್ಸುತ್ತೆ" ಎಂದರು.

ಅಲ್ಲ. ಶಾಲೆಯ ಮಕ್ಕಳು ಬರೆದ ಮಗ್ಗಿಯ ಲೆಕ್ಕ ತಪ್ಪಿ ಬಂದದ್ದೇಕೆ ಎಂದು ಹುಡುಕುತ್ತ ಹೊರಟವಳಿಗೆ ಅದು ಆಗಲೇ ಹೊಳೆದಿತ್ತು. ಕನ್ನಡದಲ್ಲಿ ಸೊನ್ನೆ ಎರಡು. ಲೆಕ್ಕದ ಸೊನ್ನೆ ಒಂದು. ಅಂಗಡಿ, ತಿಂಡಿ ಎಂದು ಬರೆಯುವಾಗ ಅಕ್ಷರದ ಪಕ್ಕ ಬಂದು ಕೂರುವ ಸೊನ್ನೆ ಇನ್ನೊಂದು. ಕಣ್ಣಿಗೆ ಎರಡೂ ಒಂದೇ ದುಂಡು. ಕಂಪ್ಯೂಟರಿನ ಒಳಗೆ ಮಾತ್ರ ಅವು ಒಂದಕ್ಕೊಂದು ಸಂಬಂಧವಿಲ್ಲದ ಗುರುತುಗಳು. ಮಕ್ಕಳು ಎರಡನೆಯ ಸೊನ್ನೆ ಒತ್ತಿದ್ದರು. 'ಸಾಲು' ಮೊದಲು ಎರಡನ್ನು ಓದಿಕೊಂಡಿತು, ಆಮೇಲೆ ಬಂದದ್ದು ತನಗೆ ಗೊತ್ತಿಲ್ಲದ ಗುರುತಾದ್ದರಿಂದ ಬಿಟ್ಟು ಮುಂದೆ ಹೋಯಿತು.

ಹಾಗೆ ಬಿಟ್ಟು ಹೋಗು ಎಂದು ಅದಕ್ಕೆ ಹೇಳಿಕೊಟ್ಟವಳು ರೇಣುಕಾಳೇ. ಕೆಂಪು ಅಕ್ಷರದಲ್ಲಿ 'ತಪ್ಪು' ಎಂದು ಬಂದರೆ ಸಾಕು, ಮಕ್ಕಳು ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಿದ್ದರು. ಅದಕ್ಕೇ ಭಾಷೆ ಆದಷ್ಟು ಮೆತ್ತಗಿರಲಿ ಎಂದು ಆ ಅಪ್ಪಣೆ ಸೇರಿಸಿದ್ದಳು. ಎಲ್ಲರೂ ಮೆಚ್ಚಿ ಬರೆದಿದ್ದರು.

"ಸುಲಭದ್ದು ಬುಡಿ, ಈಗ್ಲೇ ಸರಿ ಮಾಡ್ಬೋದು" ಎಂದರು ಮೇಷ್ಟ್ರು.

ಹಿಂದಿನ ಸಂಜೆ ರಮ್ಯಾ ಫೋನು ಮಾಡಿದ್ದು ರೇಣುಕಾಗೆ ನೆನಪಾಗಿತ್ತು. ರಮ್ಯಾ ಅವಳ ಹಳೆಯ ವಿದ್ಯಾರ್ಥಿನಿ, ಆ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಡಾಕ್ಟರು ವಾರದಲ್ಲಿ ಎರಡು ದಿನ ಬಂದು ಯಾವ ಮಗುವಿಗೆ ಎಷ್ಟು ಮದ್ದು ಎಂದು ಬರೆದಿಟ್ಟು ಹೋಗುತ್ತಿದ್ದರು. ಬಾಟಲಿಯ ಮದ್ದು ಎಷ್ಟು ಗಟ್ಟಿ ಎಂದು ನೋಡಿ ಅದನ್ನು ಚಮಚದ ಲೆಕ್ಕಕ್ಕೆ ಇಳಿಸುವ ಕೆಲಸ 'ಸಾಲಿ'ನದು. ಫೋನಿನಲ್ಲಿ ರಮ್ಯಾಳ ದನಿ ಹಿಗ್ಗಿನಲ್ಲಿತ್ತು. "ಫಿಟ್ಸ್ ಮದ್ದು ಹೊಸ ಬಾಟ್ಲಿ ಬಂದೈತೆ ಮಿಸ್. ಗಟ್ಟಿ ಎಷ್ಟು ಅನ್ನೋ ಕಡೆ ಮುಂಚೆ ಎರಡು ಅಂತಿತ್ತು, ಈಗಿನದ್ರಲ್ಲಿ ಇಪ್ಪತ್ತು ಅಂತೈತೆ. ಕಂಪ್ಯೂಟರಲ್ಲಿ ನಾನೇ ಬದಲಾಯಿಸ್ದೆ. ಅಳತೆ ಏನೂ ವ್ಯತ್ಯಾಸ ಆಗ್ಲಿಲ್ಲ, ಮುಂಚೆ ಹೆಂಗಿತ್ತೋ ಹಂಗೇ ಬಂತು."

ಒಳ್ಳೇದಾಯ್ತು ಎಂದು ಹೇಳಿ ಫೋನು ಇಟ್ಟಿದ್ದಳು ರೇಣುಕಾ.

ಈಗ ಆ ಮಾತನ್ನು ಮೇಷ್ಟ್ರಿಗೆ ಒಂದೇ ಉಸಿರಿನಲ್ಲಿ ಹೇಳಿದಳು. ಮದ್ದು ಹತ್ತರಷ್ಟು ಗಟ್ಟಿಯಾಗಿದ್ದರೆ ಅಳತೆ ಹತ್ತರಲ್ಲೊಂದು ಪಾಲಿಗೆ ಇಳಿಯಬೇಕಿತ್ತು. ಹಂಗೇ ಬಂತು ಎಂದರೆ 'ಸಾಲು' ಇಪ್ಪತ್ತನ್ನು ಎರಡೆಂದೇ ಓದಿದೆ.

ಆಸ್ಪತ್ರೆಯ ನಂಬರಿಗೆ ಫೋನು ಹಚ್ಚಿದಳು. ಗಂಟೆ ಹೊಡೆದುಕೊಂಡೇ ಇತ್ತು. ಭಾನುವಾರ, ಬಾಗಿಲು ಹಾಕಿರುತ್ತಾರೆ. ರಮ್ಯಾಳ ಮನೆಯಲ್ಲಿ ಫೋನಿಲ್ಲ.

"ನಾನು ಕೋಟೆಗೆ ಹೋಗ್ತೀನಿ ಸರ್."

"ಅವಳು ಯಾವ ಸೊನ್ನೆ ಒತ್ತಿದ್ಲೋ ಖಾತ್ರಿ ಮಾಡ್ಕೊಳ್ಳೋಣ ಇರಮ್ಮ" ಎಂದರು ಮೇಷ್ಟ್ರು. ಅವರ ಮುಖವೂ ಬಿಳಿಚಿತ್ತು. "ಸುಮ್ನೆ ಗಾಬರಿ ಎಬ್ಬಿಸ್ಬಾರ್ದು. ಇದು ಹೊರಗೆ ಗೊತ್ತಾದ್ರೆ ಕನ್ನಡ ಕಂಪ್ಯೂಟರಿಗೆ ಆಗಿಬರಲ್ಲ ಅಂತ ಎಲ್ರೂ ಒಂದೇ ಮಾತಲ್ಲಿ ತೀರ್ಮಾನ ಮಾಡಿಬಿಡ್ತಾರೆ. ಇಷ್ಟು ವರ್ಷದ ಕೆಲಸ."

ರೇಣುಕಾ ಆಗಲೇ ಚಪ್ಪಲಿ ಮೆಟ್ಟಿದ್ದಳು. "ನೀವು ಫೋನ್ ಮಾಡ್ತಾನೇ ಇರಿ. ಯಾರಾದ್ರೂ ಎತ್ತಬಹುದು."

ಬಸ್ಸು ಹೊಗೆಸೊಪ್ಪಿನ ಹೊಲಗಳ ನಡುವೆ ಆಮೆಯ ಹಾಗೆ ಹೋಗುತ್ತಿತ್ತು. ಸೊಪ್ಪು ಒಣಗಿಸುವ ಬ್ಯಾರನ್ನುಗಳಿಂದ ಎದ್ದ ಹೊಗೆ ಮಳೆಮೋಡದ ಕೆಳಗೆ ಮೇಲೇಳಲಾರದೆ ಹಬ್ಬಿಕೊಂಡಿತ್ತು. ಪಕ್ಕದಲ್ಲಿ ಕುಳಿತವಳ ಮಡಿಲಲ್ಲಿ ಒಂದು ಕೂಸು ಮಲಗಿತ್ತು. ರೇಣುಕಾ ಕಿಟಕಿಯ ಹೊರಗೆ ನೋಡಬೇಕೆಂದುಕೊಂಡರೂ ಕಣ್ಣು ಆ ಕೂಸಿನ ಎದೆಯ ಮೇಲೇ ಬೀಳುತ್ತಿತ್ತು. ಎದೆ ಏರಿದಾಗ ತಾನೂ ಉಸಿರೆಳೆದುಕೊಳ್ಳುತ್ತಿದ್ದಳು. ಯಾರೋ ದನ ದಾಟಿಸುತ್ತಿದ್ದರೆಂದು ಡ್ರೈವರು ಬಸ್ಸು ನಿಲ್ಲಿಸಿದಾಗ ಕೆಳಗಿಳಿದು ಓಡಿಬಿಡೋಣವೆನ್ನಿಸಿತು.

ಕೋಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರಮ್ಯಾ ಬಟ್ಟೆ ಒಗೆಯುತ್ತಿದ್ದಳು. ಟೀಚರನ್ನು ಕಂಡವಳೇ ಕೈ ಒರೆಸಿಕೊಂಡು ನಗುತ್ತ ಎದ್ದಳು.

"ಇಪ್ಪತ್ತು ಅಂತ ಹೆಂಗೆ ಒತ್ತಿದೆ ರಮ್ಯಾ?"

"ಎರಡು ಒತ್ತಿ, ಆಮ್ಯಾಕೆ ಸೊನ್ನೆ."

"ಯಾವ ಸೊನ್ನೆ?"

"ಅದೇ ಮಿಸ್, ಇಂಗ್ಲಿಷ್ ಎಮ್ಮು ಕೀಯಲ್ಲಿರೋದು. ಹೆಸ್ರು ಬರೆಯೋವಾಗ ಒತ್ತೋ ಸೊನ್ನೆ." ರಮ್ಯಾಳ ನಗು ನಿಧಾನಕ್ಕೆ ಇಳಿಯಿತು. "ಎಷ್ಟು ಸೊನ್ನೆ ಅವೆ?"

"ಆ ಮದ್ದು ಯಾರ್‌ಯಾರಿಗೆ ಕೊಟ್ಟೆ?"

"ಒಬ್ರಿಗೇ. ಕಾಡಂಚಿನ ಹಾಡಿಯವಳು, ಮುತ್ತಿ ಅಂತ, ಬಂದಿದ್ಲು, ಅವಳ ಮಗಂಗೆ. ಹೊತ್ತಿಗೆ ಎರಡು ಚಮಚ ಅಂತ ಚೀಟಿ ಅಂಟಿಸ್ಕೊಟ್ಟೆ."

ಹಾಡಿಗೆ ಆಟೋದಲ್ಲಿ ಹೋಗುವಾಗ ರೇಣುಕಾ ಆದದ್ದನ್ನು ಹೇಳಿದಳು. ರಮ್ಯಾ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ದಾರಿಯನ್ನೇ ನೋಡುತ್ತಿದ್ದಳು. ಟಾರು ಮುಗಿದು ಕೆಮ್ಮಣ್ಣು ಬಂತು. ಎರಡು ಕಡೆಯೂ ಲಂಟಾನ ಒತ್ತಿಕೊಂಡು ಬಂದು ಆಟೋದ ಮೈ ಸವರಿತು.

ಮುತ್ತಿ ಗುಡಿಸಲ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು. ರಮ್ಯಾಳನ್ನು ಕಂಡು ಮುಖ ಅರಳಿತು. ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ್ಕೆ ಮಾತಾಡಿ ಕಣಕ್ಕ, ಮಲಗವ್ನೆ. ಒಳ್ಳೆ ಮದ್ದು ಕೊಟ್ರಿ. ದಿನಾ ರಾತ್ರಿ ಕೈಕಾಲು ಸೆಟೆಸ್ಕೊಂಡು ಒದ್ದಾಡೋನು, ನೆನ್ನೆ ಅಳ್ಳಾಡ್ಲಿಲ್ಲ. ನಾನೂ ಕಣ್ಣು ತುಂಬ ನಿದ್ದೆ ಮಾಡ್ದೆ."

"ಬೆಳಗ್ಗೆ ಕೊಟ್ಯಾ?"

"ಕೊಡದೆ? ಎಬ್ಬಿಸಿ ಕುಡಿಸ್ದೆ. ಕುಡ್ಕಂಡು ಮತ್ತೆ ಮಲಿಕ್ಕಂಡ. ಮಧ್ಯಾಹ್ನದ್ದು ಇನ್ನೂ ಕೊಟ್ಟಿಲ್ಲ, ಏಳಲಿ ಅಂತ ಕಾಯ್ತಾ ಇವ್ನಿ."

ರೇಣುಕಾ ತಲೆ ಬಗ್ಗಿಸಿ ಒಳಗೆ ಹೋದಳು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಐದಾರು ವರ್ಷದ ಹುಡುಗ ಚಾಪೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ. ಪಕ್ಕದಲ್ಲಿ ಬಾಟಲಿ, ಅದರ ಮೇಲೆ ರಮ್ಯಾಳ ದುಂಡನೆಯ ಅಕ್ಷರದಲ್ಲಿ ಅವನ ಹೆಸರು: ಚೆನ್ನ. ಮೂಗಿನ ಹತ್ತಿರ ಕೈ ಹಿಡಿದಳು. ಬಿಸಿಯುಸಿರು ತಾಗಿತು. ಆಮೇಲೆ ಏನೂ ತಾಗಲಿಲ್ಲ. ಅವಳು ಕಾದಳು. ಇನ್ನೂ ಇಲ್ಲ. ಇನ್ನೇನು ಕೂಗಿಕೊಳ್ಳಬೇಕು ಎನ್ನುವಾಗ ಇನ್ನೊಂದು ಉಸಿರು ತೆಳ್ಳಗೆ ಬಂತು. ಕಿವಿ ಹಿಂಡಿದಳು. ಚೆನ್ನ ಮುಖವನ್ನೂ ಕಿವುಚಲಿಲ್ಲ.

ಅವನನ್ನು ಎತ್ತಿಕೊಂಡು ಹೊರಗೆ ಬಂದಾಗ ಮುತ್ತಿಯ ಮಡಿಲಿಂದ ಸೊಪ್ಪು ಚೆಲ್ಲಿತು. "ಯಾಕಕ್ಕ? ಮಲಗವ್ನಲ್ಲ?" ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದಳು. ರಮ್ಯಾ ಅವನ ಕೆನ್ನೆ ತಟ್ಟುತ್ತ, ಹೆಸರು ಹಿಡಿದು ಕರೆಯುತ್ತಲೇ ಇದ್ದಳು.

ತಾಲೂಕು ಆಸ್ಪತ್ರೆಯ ಡಾಕ್ಟರು ಬಾಟಲಿ ತಿರುಗಿಸಿ ಚೀಟಿ ಓದಿದರು. "ಇದ್ರಲ್ಲಿ ಎರಡು ಚಮಚನಾ? ಯಾರ್ರೀ ಹೇಳಿದ್ದು?"

ರಮ್ಯಾ ನೆಲ ನೋಡಿದಳು. ಚೀಟಿಯ ಮೇಲಿದ್ದದ್ದು ಅವಳ ಅಕ್ಷರ.

"ನಾನು ಬರೆದ ಪ್ರೋಗ್ರಾಮು ಹೇಳಿದ್ದು" ಎಂದಳು ರೇಣುಕಾ. "ತಪ್ಪು ಅದರದ್ದು. ಇವಳದ್ದಲ್ಲ."

ಡಾಕ್ಟರು ಅವಳನ್ನು ಒಮ್ಮೆ ನೋಡಿ, ಮಾತಿಗೆ ಹೊತ್ತಿಲ್ಲದವರಂತೆ ಮಗುವನ್ನು ಒಳಗೆ ಒಯ್ದರು. ಮುತ್ತಿಯೂ ಹಿಂದೆ ಹೋದಳು.

ಹೊರಗೆ ವರಾಂಡದಲ್ಲಿ ಇಬ್ಬರೇ ಉಳಿದರು. ಒಳಗೆ ಆಮ್ಲಜನಕದ ಸಿಲಿಂಡರನ್ನು ನೆಲದ ಮೇಲೆ ಉರುಳಿಸುವ ಸದ್ದು ಕೇಳಿತು.

"ನಾನು ತಪ್ಪು ಒತ್ತಿದ್ನಾ ಮಿಸ್?"

"ಇಲ್ಲ. ನೀನು ಸೊನ್ನೆನೇ ಒತ್ತಿದ್ದೆ. ಅದಕ್ಕೆ ಗೊತ್ತಾಗ್ಲಿಲ್ಲ."

ರಮ್ಯಾ ತಲೆಯೆತ್ತಿದಳು. "ಗೊತ್ತಾಗ್ಲಿಲ್ಲ ಅಂತ ಹೇಳ್ಬೋದಿತ್ತಲ್ಲ ಅದು?"

ರೇಣುಕಾ ಎದ್ದು ರಸ್ತೆ ದಾಟಿದಳು.

ಎದುರಿನ ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿದಳು. ಮೊದಲ ಗಂಟೆಗೇ ಎತ್ತಿಕೊಂಡರು. ಎಲ್ಲ ಕೇಳಿ, "ವರದಿ ಇನ್ನೂ ಕಳಿಸಿಲ್ಲಮ್ಮ. ಏನಂತ ಬರೀಲಿ?" ಎಂದರು.

"ಆಗಿದ್ದನ್ನ ಬರೀರಿ ಸರ್. 'ಸಾಲು' ಎಲ್ಲೆಲ್ಲಿ ನಡೀತಿದ್ಯೋ ಎಲ್ಲ ನಿಲ್ಲಿಸಿ ಅಂತ ಮೊದ್ಲು ಬರೀರಿ."

"ಬರೀತೀನಿ." ಎಂದರು ಮೇಷ್ಟ್ರು. "ಮಗು ಉಸಿರಾಡ್ತಾ ಐತೆ ತಾನೆ?"

"ಆಡ್ತಿದೆ" ಎಂದಳು. ತಾನು ಈಚೆ ಬಂದಮೇಲೂ ಆಡುತ್ತಿದೆಯೋ ಇಲ್ಲವೋ ತಿಳಿಯದೆ ಫೋನು ಇಟ್ಟು ರಸ್ತೆ ದಾಟಿ ಓಡಿದಳು.

ದೀಪ ಹಚ್ಚುವ ಹೊತ್ತಿಗೆ ಚೆನ್ನ ಕಣ್ಣು ಬಿಟ್ಟ. ಗಂಟಲು ಕಟ್ಟಿದ ದನಿಯಲ್ಲಿ ಅವ್ವಾ ಎಂದು ಅತ್ತ. ಎರಡು ದಿನ ಇಲ್ಲೇ ಇರಲಿ, ಇನ್ನು ಭಯವಿಲ್ಲ ಎಂದರು ಡಾಕ್ಟರು. ರಮ್ಯಾ ಹಾಲು ತರುತ್ತೇನೆಂದು ಹೊರಗೆ ಹೋದಳು.

ಮುತ್ತಿ ಮಂಚದ ಅಂಚಿನಲ್ಲಿ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ರೇಣುಕಾಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನೀವು ಯಾರೋ ಎತ್ತೋ. ದ್ಯಾವ್ರು ಬಂದಂಗೆ ಬಂದ್ರಿ. ನಂಗೇನ್ ತಿಳೀತಿತ್ತು? ಮಲಗವ್ನೆ ಅಂತ ಸುಮ್ಕಿದ್ದೆ."

ಆ ಕೈ ಒರಟಾಗಿ, ಬೆಚ್ಚಗಿತ್ತು. ಹಾಗೇ ಇದ್ದುಬಿಡಬಹುದಿತ್ತು. ಮುತ್ತಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಬೇಕೆಂದು ಯಾರೂ ಕೇಳುವವರೂ ಇರಲಿಲ್ಲ.

"ಮುತ್ತಿ, ಚೀಟಿಯಲ್ಲಿದ್ದ ಅಳತೆ ತಪ್ಪು. ಅದಕ್ಕೇ ಅವನು ಹಂಗೆ ಮಲಗಿದ್ದು. ಆ ತಪ್ಪು ನಂದು."

"ಮದ್ದು ನೀವಾ ಕಾಯ್ಸಿದ್ದು?"

"ಮದ್ದಲ್ಲ. ಎಷ್ಟು ಕುಡಿಸ್ಬೇಕು ಅಂತ ಒಂದು ಯಂತ್ರ ಹೇಳುತ್ತೆ. ಅದಕ್ಕೆ ಮಾತು ಕಲ್ಸಿದ್ದು ನಾನು."

ಮುತ್ತಿ ಅವಳ ಮುಖವನ್ನೇ ನೋಡಿದಳು. ಸಿಟ್ಟು ಬರಲಿಲ್ಲ. ಏನನ್ನೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಾಯಿತು.

"ಮಧ್ಯಾಹ್ನದ್ದೂ ಕುಡಿಸ್ಬುಟ್ಟಿದ್ರೆ?"

ರೇಣುಕಾಳ ಕಣ್ಣು ಚೆನ್ನನ ಎದೆಯ ಮೇಲೆ ಹೋಯಿತು.

ಮುತ್ತಿ ಹಿಡಿದಿದ್ದ ಕೈ ಬಿಟ್ಟಳು. ಸಲೈನಿನ ನಳಿಕೆ ಎಳೆಯದಂತೆ ನೋಡಿಕೊಂಡು ಮಗನನ್ನು ಎದೆಗವಚಿ ಎದ್ದು, ಮಂಚ ಬಳಸಿ ಗೋಡೆಯ ಕಡೆಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಕೂತಳು. ನಡುವೆ ಸುಕ್ಕಾದ ಹಾಸಿಗೆಯಷ್ಟೇ ಉಳಿಯಿತು. ಚೆನ್ನ ತಾಯಿಯ ಹೆಗಲ ಮೇಲೆ ಗದ್ದವೂರಿ, ಯಾರೋ ಹೊಸಬಳನ್ನು ನೋಡುವಂತೆ, ರೆಪ್ಪೆ ಬಡಿಯುತ್ತ ರೇಣುಕಾಳನ್ನೇ ನೋಡುತ್ತಿದ್ದ.