ಬೀಗರು ಕೊಟ್ಟ ಕೋಲಾ

ಮನೆಗೆ ಬಂದ ಬೀಗರಿಗೆ ಅನೇನೆ ಮರ್ಯಾದೆಗೆಂದು ಒಡೆದು ಕೊಟ್ಟ ಗಟ್ಟಿ ಕೋಲಾ ಬೀಜವನ್ನು ಒಕ್ವುದಿಲಿ ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ಕೂತ. ಕೊಟ್ಟ ಕೋಲಾ ಅಗಿಯದವನ ಮನಸ್ಸಿನಲ್ಲಿ ಹಗೆಯಿದೆಯೆಂದೇ ಲೆಕ್ಕ. ಅನೇನೆ ಮುಖ ಗಂಟಿಕ್ಕಿದ.

ಒಕ್ವುದಿಲಿಯ ಹೆಂಡತಿ ನ್ವಾಕೇಗೊ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು. ಅಷ್ಟರಲ್ಲಿ ಅವನು ಆಕಳಿಸಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಕಿವಿ ಹಿಡಿದುಕೊಂಡ. ವಾರದಿಂದ ಆ ಕಿವಿಗೆ ಅವಳೇ ಬಿಸಿ ಎಣ್ಣೆ ಬಿಡುತ್ತಿದ್ದಳು. ಎದ್ದು ಹೋಗಿ ಕಿವಿಯ ಮುಂದೆ ಬೆರಳಿಟ್ಟಳು.

“ಬಾಯಿ ತೆಗೀರಿ.”

ಬೆರಳಡಿ ಕೀಲು ಟಕ್ಕೆಂದಿತು.

“ಕಿವಿಯಲ್ಲ ಕಣ್ರೀ, ದವಡೆ ಕೀಲು. ನಿದ್ದೇಲಿ ಹಲ್ಲು ಕಡೀತೀರಲ್ಲ, ಅದಕ್ಕೇ ಬೆಳಗೆದ್ದರೆ ತಲೆನೋವು. ನಾಳೆ ಆಸ್ಪತ್ರೆಗೆ ನಡೀರಿ.”

ಅವನ ಕೈಯಿಂದ ಕೋಲಾ ಕಿತ್ತುಕೊಂಡು ತಾನೇ ನುಣ್ಣಗೆ ಅಗಿದು, ಮಗುವಿಗೆ ತಿನ್ನಿಸುವಂತೆ ಅವನ ಬಾಯಿಗಿಟ್ಟಳು.

“ನುಂಗ್ರಿ, ಬೀಗರು ನೋಡ್ತಿದಾರೆ.”